ಅಳತೆಗೆ ಸಿಗುವ ಮೈಕಟ್ಟು, ಅಳತೆಗೆ ಸಿಗದ ಬೇಟೆಗುಣ

ಸುಬ್ರಹ್ಮಣ್ಯ: ಕುಕ್ಕೆಯ ಸುತ್ತಣ ಅಡಿಕೆ ತೋಟಗಳಲ್ಲಿ ಕಾಡುಹಂದಿ, ಮಂಗಗಳನ್ನು ಬೆದರಿಸುವ ನಾಯಿಗಳಿಗೆ ವಂಶಾವಳಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಬೊಗಳಬೇಕಾದಲ್ಲಿ ಬೊಗಳಿತೇ, ಹಂದಿಯ ಎದುರು ನಿಂತಿತೇ ಎಂಬುದಷ್ಟೇ ಇಲ್ಲಿನ ಪರೀಕ್ಷೆ. ಇದಕ್ಕೆ ತದ್ವಿರುದ್ಧವಾಗಿ, ರಾಜ್ಯದ ಹೆಮ್ಮೆಯೆನಿಸಿದ ಮುಧೋಳ ಬೇಟೆನಾಯಿಗೆ ಕಾಗದಪತ್ರಗಳೆಲ್ಲವೂ ಇವೆ. ಇಲ್ಲದಿರುವುದು ಬೇಟೆ ಮಾತ್ರ.

ಬಾಗಲಕೋಟೆ ಜಿಲ್ಲೆಯ ಈ ತಳಿಗೆ ಹೆಸರು ತಂದವರು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀ ಶ್ವಾನಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಶ್ವಾನ ಸಂಶೋಧನಾ ಕೇಂದ್ರವಿದೆ. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯೂ ಇದನ್ನು ಅಧಿಕೃತ ತಳಿಯಾಗಿ ನೋಂದಾಯಿಸಿದೆ. ಆದರೆ ಹೆಸರಿನಲ್ಲೇ ಒಮ್ಮತವಿಲ್ಲ ಎಂಬುದು ವಿಪರ್ಯಾಸ: ಭಾರತೀಯ ಕೆನಲ್ ಕ್ಲಬ್‌ನ ದಾಖಲೆಯಲ್ಲಿ ಇದು ‘ಕಾರವಾನ್ ಹೌಂಡ್’, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್‌ನಲ್ಲಿ ‘ಮುಧೋಳ ಹೌಂಡ್’.

ತಳಿ ಮಾನದಂಡವೆಂದರೆ ಮೂಲತಃ ಒಂದು ಅಳತೆಪಟ್ಟಿ. ಗಂಡಾದರೆ ಸುಮಾರು 68ರಿಂದ 72 ಸೆಂ.ಮೀ. ಎತ್ತರ, ಹೆಣ್ಣಾದರೆ 64ರಿಂದ 68. ಉದ್ದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ. ಇವೆಲ್ಲ ಓಟಕ್ಕೆಂದೇ ರೂಪುಗೊಂಡ ಲಕ್ಷಣಗಳು. ಆಳವಾದ ಎದೆ ಶ್ವಾಸಕೋಶಕ್ಕೆ ಜಾಗ ಕೊಡುತ್ತದೆ, ಬಳುಕುವ ಬೆನ್ನು ಹೆಜ್ಜೆಯನ್ನು ಉದ್ದವಾಗಿಸುತ್ತದೆ. ಆದರೆ ಪ್ರದರ್ಶನದ ಅಂಗಳದಲ್ಲಿ ತೀರ್ಪುಗಾರನಿಗೆ ಕಾಣುವುದು ಎದೆಯೇ ಹೊರತು ಎದೆಗಾರಿಕೆಯಲ್ಲ. ದೂರದ ಚಲನೆಯನ್ನು ಕಂಡೊಡನೆ ಬೆನ್ನಟ್ಟುವ ಹಟ, ತಿರುವಿನಲ್ಲಿ ಮೊಲದ ನಡೆಯನ್ನು ಊಹಿಸುವ ಚುರುಕು ಯಾವ ಟೇಪಿಗೂ ಸಿಗುವಂಥದ್ದಲ್ಲ. ಅಂಗಳದ ಗೆಲುವನ್ನೇ ನೋಡಿ ತಲೆಮಾರುಗಳ ಕಾಲ ಜೋಡಿ ಮಾಡಿದರೆ ರೂಪ ಉಳಿದು ಗುಣ ಸೊರಗುವ ಅಪಾಯ ಇದ್ದೇ ಇದೆ.

ಈ ಜಗಳ ಹೊಸದೇನಲ್ಲ. ಕುರಿ ಕಾಯುವ ಬಾರ್ಡರ್ ಕೋಲಿಯನ್ನು 1995ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಮಾನ್ಯ ಮಾಡಿದಾಗ ಪ್ರತಿಭಟಿಸಿದವರು ಆ ನಾಯಿಯನ್ನು ದುಡಿಸಿಕೊಳ್ಳುತ್ತಿದ್ದವರೇ. ಜರ್ಮನಿಯ ಬೇಟೆನಾಯಿ ಸಂಘಗಳು ಸಾಕಣೆಗೆ ಮುನ್ನ ಕೆಲಸದ ಪರೀಕ್ಷೆಯನ್ನೇ ಕೇಳುತ್ತವೆ. ಮುಧೋಳಕ್ಕೆ ಅಂಥ ಪರೀಕ್ಷೆ ಎಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಯಿ ಬಿಟ್ಟು ಕಾಡುಪ್ರಾಣಿಯನ್ನು ಅಟ್ಟುವುದೂ ಬೇಟೆಯೇ. ಕಾನೂನು ಸರಿಯಾದುದೇ, ಆದರೆ ಅದರೊಂದಿಗೆ ತಳಿಯನ್ನು ಒರೆಗೆ ಹಚ್ಚುತ್ತಿದ್ದ ಕಲ್ಲೂ ಕೈತಪ್ಪಿತು.

ಆ ಜಾಗವನ್ನು ಈಗ ಭದ್ರತಾ ಪಡೆಗಳು ತುಂಬುತ್ತಿವೆ. 2016ರಲ್ಲಿ ಸೇನೆಯ ಮೀರತ್ ತರಬೇತಿ ಕೇಂದ್ರಕ್ಕೆ ಮುಧೋಳ ಮರಿಗಳು ಹೋದವು. 2020ರ ಆಗಸ್ಟ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಈ ತಳಿಯ ಹೆಸರೆತ್ತಿದ ಮೇಲೆ ನಗರಗಳಲ್ಲೂ ಮರಿಗಳಿಗಾಗಿ ವಿಚಾರಣೆ ಶುರುವಾಯಿತು. ಎಲ್ಲಕ್ಕಿಂತ ಕುತೂಹಲಕರವಾದುದು 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟ. ಅಲ್ಲಿ ಗಡಿ ಭದ್ರತಾ ಪಡೆಯ ‘ರಿಯಾ’ ಎಂಬ ಮುಧೋಳ ನಾಯಿ 116 ವಿದೇಶಿ ತಳಿಯ ನಾಯಿಗಳನ್ನು ಹಿಂದಿಕ್ಕಿ ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಜಾಡು ಹಿಡಿಯುವುದು ಮೂಗಿನ ಕೆಲಸ. ಮುಧೋಳವಾದರೋ ಕಣ್ಣಿನ ಬೇಟೆಗಾರ ಎಂದೇ ಖ್ಯಾತಿ. ಪುಸ್ತಕದ ವರ್ಗೀಕರಣ ಎಷ್ಟು ಸಡಿಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತಿಮ್ಮಾಪುರದಂಥ ಕೇಂದ್ರಗಳು ಎತ್ತರದೊಂದಿಗೆ ಇಂಥ ಸಾಧನೆಯನ್ನೂ ವಂಶಾವಳಿಯಲ್ಲಿ ದಾಖಲಿಸಿ, ಅದನ್ನು ನೋಡಿ ಜೋಡಿ ಮಾಡುವುದು ಅಸಾಧ್ಯವೇನಲ್ಲ.

ಹಾಗೆಂದು ಹೆಸರು ಕೇಳಿ ಮಲೆನಾಡಿನ ತೋಟಕ್ಕೆ ಮುಧೋಳ ಮರಿ ತರುವುದು ಜಾಣತನವೇನಲ್ಲ. ಬಯಲುಸೀಮೆಯ ಬಿಚ್ಚು ನೆಲದಲ್ಲಿ ಓಡಲು ಹುಟ್ಟಿದ ನಾಯಿಗೆ, ನಾಲ್ಕು ಮಾರಿನಾಚೆ ಏನೂ ಕಾಣದ ಪೊದೆಯಲ್ಲಿ, ತಿಂಗಳುಗಟ್ಟಲೆ ಬಿಡದ ಮಳೆಯಲ್ಲಿ ಏನು ಕೆಲಸ? ಇಲ್ಲಿಗೆ ಬೇಕಾದುದು ಮೂಗು ಮತ್ತು ಗಂಟಲು. ಅವೆರಡೂ ಇರುವ ಊರನಾಯಿಗೆ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಅದು ಬೇಲಿ ದಾಟಿ ಪುಷ್ಪಗಿರಿಯ ಕಾಡಿನೊಳಗೆ ಹಂದಿಯ ಬೆನ್ನು ಹತ್ತಿತೆಂದರೆ ಮಾಲೀಕ ಅರಣ್ಯ ಇಲಾಖೆಗೆ ಉತ್ತರಿಸಬೇಕಾದೀತು. ಆದುದರಿಂದ ತೋಟದೊಳಗೇ ನಿಂತು ಬೊಗಳುವ ನಾಯಿಗೆ ಈ ಭಾಗದಲ್ಲಿ ಹೆಚ್ಚು ಬೆಲೆ.