ಆರೂವರಿ ಮೀಟಿಂಗು, ಆರೂವರಿ ರೊಟ್ಟಿ

ನಮ್ಮ ಕಡೆ ಈಗ ಹೆಣ್ಣು ನೋಡಾಕ ಹೋದ್ರ ಒಂದು ಹೊಸಾ ಮಾತು ಕೇಳ್ತೈತಿ. "ಹುಡುಗಿ ಸಾಫ್ಟ್‌ವೇರ್ ಒಳಗ ಅದಾಳ್ರಿ, ಆದ್ರ ವರ್ಕ್ ಫ್ರಮ್ ಹೋಮ್ ಐತಿ" ಅಂತ ಹೆಣ್ಣಿನವರು ಅಂದಕೂಡ್ಲೇ ಗಂಡಿನ ಕಡೆ ಹೆಣ್ಣಮಕ್ಕಳ ಮಾರಿ ಅರಳ್ತೈತಿ. "ಹಂಗಾದ್ರ ಛಲೋ ಆತ ಬಿಡ್ರಿ, ಪಗಾರಾನೂ ಬಂತು, ಮನೀನೂ ನೋಡ್ಕೊಂಡಂಗಾತು." ಈ ಮಾತು ನಾನು ಕಡಿಮಿ ಅಂದ್ರೂ ಹತ್ತು ಸಲ ಕೇಳೇನಿ. ಅಂದವರು ಯಾರೂ ಕೆಟ್ಟವರಲ್ಲ. ಆದ್ರ ಈ ಒಂದು ಮಾತಿನ್ಯಾಗ ಎರಡು ಕೆಲಸ ಅದಾವ, ಪಗಾರ ಒಂದ ಐತಿ. ಇದರ ಬಗ್ಗೆ ನನಗ ಅನಿಸಿದ್ದು ಬರೀಬೇಕಂತ ಭಾಳ ದಿನದಿಂದ ಇತ್ತು. ಓದಿ ಸಿಟ್ಟು ಬಂದ್ರ ಮನಿಗೆ ಬಂದು ಜಗಳಾ ಮಾಡ್ರಿ, ಚಹಾ ಮಾಡಿ ಕೊಡ್ತೇನಿ.

ನಮ್ಮ ಮನ್ಯಾಗ ಮಗ, ಸೊಸಿ ಇಬ್ಬರೂ ಕಂಪ್ಯೂಟರ್ ಕೆಲಸದವರು. ಮಗ ಹುಬ್ಬಳ್ಳ್ಯಾಗ ಆಫೀಸಿಗೆ ಹೋಗಿ ಬರ್ತಾನ. ಸೊಸಿದು ಬೆಂಗಳೂರು ಕಂಪನಿ, ಆದ್ರ ಕೆಲಸ ನಮ್ಮ ಮ್ಯಾಲಿನ ಖೋಲಿ ಒಳಗ. ಆಕಿ ಪ್ರಾಜೆಕ್ಟ್ ಅಮೆರಿಕಾದ ಒಂದು ಇನ್ಶುರೆನ್ಸ್ ಕಂಪನಿದು. ನ್ಯೂಯಾರ್ಕಿನವರು ಮುಂಜಾನೆ 9ಕ್ಕ ಕುರ್ಚಿ ಮ್ಯಾಲೆ ಕುಂತ್ರ ನಮಗ ಸಂಜಿ 6:30. ಆವಾಗ ಮೀಟಿಂಗು. ನಮ್ಮ ಮನ್ಯಾಗ ಹಂಚು ಇಡೂ ವ್ಯಾಳ್ಯಾನೂ ಅದ. ಇನ್ನೊಂದು ಮಜಾ ಕೇಳ್ರಿ. ಅಮೆರಿಕಾದವರು ವರ್ಷಕ್ಕ ಎರಡು ಸಲ ಗಡಿಯಾರದ ಮುಳ್ಳು ತಿರುವ್ತಾರ. ಮಾರ್ಚ್ ತಿಂಗಳದ ಎರಡನೇ ರವಿವಾರ ಒಂದು ತಾಸು ಮುಂದ, ನವೆಂಬರದ ಮೊದಲನೇ ರವಿವಾರ ಒಂದು ತಾಸು ಹಿಂದ. ಹಿಂಗಾಗಿ ದೀಪಾವಳಿ ಹಿಂದ ಮುಂದ ಮೀಟಿಂಗು 7:30ಕ್ಕ ಹೋಗ್ತೈತಿ, ಯುಗಾದಿಗೆ ಸ್ವಲ್ಪ ಮೊದಲು ಮತ್ತ 6:30ಕ್ಕ ಬರ್ತೈತಿ. ಅಲ್ಲಿ ಯಾರೋ ಗಡಿಯಾರ ತಿರುವಿದ್ರ ಇಲ್ಲಿ ನಮ್ಮ ಸೊಸಿ ರೊಟ್ಟಿ ಬಡಿಯೂ ಟೈಮ್ ಬದಲಾಗ್ತೈತಿ ಅಂದ್ರ ನೀವ ವಿಚಾರ ಮಾಡ್ರಿ.

ಮನಿಗೆ ಬಂದವರು ಕೇಳ್ತಾರ, "ಹಗಲೆಲ್ಲಾ ಮನ್ಯಾಗ ಇರ್ತಾಳಲ್ಲ, ನಾಕು ರೊಟ್ಟಿ ಬಡ್ಯಾಕ ಏನಾಗ್ತೈತಿ?" ಮನ್ಯಾಗ ಇರೂದು ಬ್ಯಾರೆ, ಮನಿ ಕೆಲಸಕ್ಕ ಇರೂದು ಬ್ಯಾರೆ. ಬ್ಯಾಂಕಿನ ಕೌಂಟರಿನ್ಯಾಗ ಕುಂತಾಕಿಗೆ ನಾವು ಹೋಗಿ "ನಡುವ ಒಂದೀಟು ಅವಲಕ್ಕಿ ಒಗ್ಗರಣಿ ಹಾಕವ್ವಾ" ಅಂತೀವೇನು? ಅಲ್ಲಿ ಕಾಜಿನ ಗೋಡಿ ಐತಿ, ಇಲ್ಲಿ ಬರೇ ಒಂದು ಬಾಗಲಾ ಐತಿ, ಅಷ್ಟ ಫರಕು.

ಆಕಿ ಕೆಲಸ ಏನು ಅಂತ ನಾನು ಕೇಳಿ ಕೇಳಿ ತಿಳ್ಕೊಂಡೇನಿ. ನಾನು ಪಿಯುಸಿ ತನಕಾ ಓದಾಕಿ, ಕೋಡು ಗೀಡು ತಿಳಿಯೂದಿಲ್ಲ. ಆದ್ರ ಆಕಿ ಹೇಳಿದ್ರಾಗ ಒಂದು ಮಾತು ನನಗ ಪಕ್ಕಾ ತಿಳೀತು. "ಅತ್ತಿ, ಬರಿಯೂದು ಸ್ವಲ್ಪ. ಹಿಂದಿನವರು ಬರೆದಿದ್ದು ಓದೂದು, ಟೆಸ್ಟ್ ಮಾಡೂದು, ತಪ್ಪು ಹುಡುಕೂದು, ಇದರಾಗ ದಿನಾ ಹೋಗ್ತೈತಿ" ಅಂದ್ಳು. ಅಡಗಿ ಮನಿ ಹಿಂಗ ಅಲ್ಲೇನ್ರಿ? ರೊಟ್ಟಿ ಹಂಚಿನ ಮ್ಯಾಲೆ ಇರೂದು ಒಂದೆರಡು ನಿಮಿಷ. ಜ್ವಾಳಾ ಹಸನ ಮಾಡೂದು, ಗಿರಣಿಗೆ ಕಳಸೂದು, ಹಿಟ್ಟು ಸಾಣಸೂದು, ಎಸರು ಕಾಸೂದು, ನಾದೂದು, ಆಮ್ಯಾಲೆ ಹಲಗಿ, ಪರಾತ, ಕಟ್ಟಿ ತೊಳಿಯೂದು, ಅದನ್ನ ಯಾರೂ ಎಣಸೂದಿಲ್ಲ. ತಾಟಿನ್ಯಾಗ ಬಿದ್ದಿದ್ದಷ್ಟ ಕೆಲಸ ಅನಸ್ತೈತಿ. ಅವರ ಕಡೆ ಸರ್ವರ್ ಬಂದ್ ಬಿದ್ರ ಎಲ್ಲಾರಿಗೂ ಫೋನ್ ಹೋಗ್ತಾವ. ನಮ್ಮ ಕಡೆ ಒಂದು ದಿನ ಒಲಿ ಹತ್ತಲಿಲ್ಲ ಅಂದ್ರ "ಇವತ್ತೇನು ಆರಾಮಿಲ್ಲೇನು?" ಅಂತ ಕೇಳ್ತಾರ. ಅಲ್ಲೀತನಕಾ ಯಾರಿಗೂ ಅದು ನಡದಿದ್ದು ಗೊತ್ತಿರೂದಿಲ್ಲ.

ನಾ ಸುಮ್ನ ಬಾಯಿ ಮಾತು ಆಡಾಕತ್ತಿಲ್ಲ. ಕೇಂದ್ರ ಸರ್ಕಾರದವರು 2019ರಾಗ ದೇಶದ ತುಂಬಾ ಒಂದು ಸರ್ವೆ ಮಾಡಿದ್ರು, ಮಂದಿ ದಿನದ 24 ತಾಸು ಹ್ಯಾಂಗ ಕಳೀತಾರ ಅಂತ. ಪಗಾರ ಇಲ್ಲದ ಮನಿಗೆಲಸ ಮಾಡೂ ಹೆಣ್ಣಮಕ್ಕಳು ದಿನಕ್ಕ 299 ನಿಮಿಷ ಅದರಾಗ ಕಳೀತಿದ್ರು. ಮನಿಗೆಲಸ ಮಾಡೂ ಗಂಡಸರು 97 ನಿಮಿಷ. ಈ 97 ನೋಡಿ ಖುಷಿ ಪಡಬ್ಯಾಡ್ರಿ, ಅದು ಮಾಡೂ ಗಂಡಸರ ಲೆಕ್ಕ ಅಷ್ಟ. ನೂರರಾಗ 26 ಮಂದಿ ಗಂಡಸರು ಮಾತ್ರ ಹಂತಾ ಕೆಲಸಕ್ಕ ಕೈ ಹಚ್ಚಿದ್ರು, ಹೆಣ್ಣಮಕ್ಕಳಾದ್ರ ನೂರರಾಗ 81. ಅದ ಸರ್ವೆ 2024ರಾಗ ಮತ್ತ ಆತು. ಹೆಣ್ಣಮಕ್ಕಳದು 289ಕ್ಕ ಇಳೀತು, ಗಂಡಸರದು 88ಕ್ಕ ಇಳೀತು. ನಮ್ಮದು 10 ಕಡಿಮಿ ಆತು, ಅವರದೂ 9 ಕಡಿಮಿ ಆತು. ಅಂದ್ರ ನಮ್ಮ ಭಾರ ಇಳದಿದ್ದು ಅವರು ಹೊತ್ತಿದ್ದಕ್ಕಂತೂ ಅಲ್ಲ.

ಈಗ ನನ್ನ ವಯಸ್ಸಿನವರ ಮಾತಿಗೆ ಬರ್ತೇನಿ. ಸೊಸಿ ಮೀಟಿಂಗಿಗೆ ಕುಂತ್ರ ರೊಟ್ಟಿ ಯಾರು ಬಡೀಬೇಕು? ಅತ್ತಿ. ಭಾಳ ಮನ್ಯಾಗ ಇದ ನಡದೈತಿ. "ನಮ್ಮ ಅತ್ತಿಯವರು ಭಾಳ ಸಪೋರ್ಟ್" ಅಂತ ಸೊಸಿ ಆಫೀಸಿನ್ಯಾಗ ಹೇಳ್ತಾಳ, ಕೇಳಿ ನಮಗೂ ಹೆಮ್ಮಿ ಆಗ್ತೈತಿ. ಆದ್ರ ಮೂವತ್ತು ವರ್ಷ ಬಡದ ಕೈ ಅದು, ಮಣಕಾಲು ಎದ್ದ್ಯಾಡಾಕ ತ್ರಾಸು ಕೊಡಾಕತ್ತಾವ. ಸೊಸಿ ಹೆಗಲಿನ ಭಾರ ತಗದು ಅತ್ತಿ ಹೆಗಲ ಮ್ಯಾಲೆ ಇಟ್ರ ಮನಿ ಸುಧಾರಿಸಿತು ಅಂತ ಹ್ಯಾಂಗ ಅನ್ನೂದು? ಆ ಮನ್ಯಾಗ ಇನ್ನೂ ಎರಡು ಜೋಡಿ ಕೈ ಅದಾವ, ಅವು ಟಿವಿ ರಿಮೋಟ್ ಹಿಡಕೊಂಡಿರ್ತಾವ. ಅತ್ತಿ ಸೊಸಿ ನಡುವ ಜಗಳಾ ಹತ್ತೂದು ಇಲ್ಲೇ. ಜಗಳಾ ನಮ್ಮಿಬ್ಬರದು ಅಂತ ಊರು ತಿಳ್ಕೋತೈತಿ.

ನಮ್ಮ ಬಳಗದಾಗ ಒಬ್ಬ ಹುಡುಗಿ ಆರು ವರ್ಷದ ನೌಕರಿ ಬಿಟ್ಟು ಕುಂತಾಳ. ಕೆಲಸ ಬಿರಿ ಅಂತ ಅಲ್ಲ, ಕೆಲಸದಾಗ ಹುಷಾರ ಇದ್ಳು. ದಿನಾ ಸಂಜಿ ಊಟದ ಟೈಮಿಗೆ ಮನ್ಯಾಗ ಮಾರಿ ಗಂಟು, ಬಂದವರ ಮುಂದ ಕುಹಕ, ಇದನ್ನ ತಡಕೊಳ್ಳಾಕ ಆಗಲಿಲ್ಲ. "ಮುಂದ ನೋಡೂನು" ಅಂತ ಬಿಟ್ಳು. ಈ ಕೆಲಸಾ ಹಂಗ ಕಾಯೂದಿಲ್ಲ. ಎರಡು ವರ್ಷಕ್ಕ ಕಲಿತಿದ್ದು ಹಳೇದಾಗ್ತೈತಿ, ಮತ್ತ ಇಂಟರ್‌ವ್ಯೂಕ್ಕ ಹೋದ್ರ "ಈ ಎರಡು ವರ್ಷ ಏನು ಮಾಡಿದ್ರಿ?" ಅಂತ ಕೇಳ್ತಾರಂತ. ರೊಟ್ಟಿ ಬಡದೆ ಅಂದ್ರ ಅಲ್ಲಿ ಲೆಕ್ಕಕ್ಕ ಬರೂದಿಲ್ಲ. ಇಲ್ಲಿ ನೌಕರಿ ಲೆಕ್ಕಕ್ಕ ಬರೂದಿಲ್ಲ, ಅಲ್ಲಿ ರೊಟ್ಟಿ ಲೆಕ್ಕಕ್ಕ ಬರೂದಿಲ್ಲ, ನಡುವ ಆ ಹುಡುಗಿ ಎಲ್ಲಿ ಹೋಗಬೇಕು?

ನಮ್ಮ ಊರು ಇದಕ್ಕ ಹೊಸಾದಲ್ಲ. ಸುಧಾ ಮೂರ್ತಿಯವರು ನಮ್ಮ ಹುಬ್ಬಳ್ಳಿ ಬಿವಿಬಿ ಕಾಲೇಜಿನ್ಯಾಗ ಇಂಜಿನಿಯರಿಂಗ್ ಓದಾಕ ಹೋದಾಗ ಕ್ಲಾಸಿನ್ಯಾಗ ಅವರೊಬ್ಬರ ಹುಡುಗಿ. 1981ರಾಗ ಇನ್ಫೋಸಿಸ್ ಶುರು ಮಾಡಾಕ ತಾವು ಕೂಡಿಸಿಟ್ಟ ಹತ್ತು ಸಾವಿರ ರೂಪಾಯಿ ಕೊಟ್ಟವರೂ ಅವರ. ಗಂಡ ಹೆಂಡತಿ ಇಬ್ಬರಾಗ ಒಬ್ಬರ ಕಂಪನ್ಯಾಗ ಇರಬೇಕು ಅಂತ ಆದಾಗ ಹೊರಗ ಉಳದವರು ಅವರು. ಅದು ಅವರ ಮನಿ ಮಾತು, ನಾವು ಆಡೂದಲ್ಲ, ಆಮ್ಯಾಲೆ ಅವರು ಮಾಡಿದ್ದೂ ಸಣ್ಣದಲ್ಲ. ನಾ ಹೇಳೂದು ಇಷ್ಟ. ನಮ್ಮ ಹೆಣ್ಣಮಕ್ಕಳಿಗೆ ಬುದ್ಧಿ ಹೇಳಾಕ ಅವರ ಸಾದಾ ಸೀರಿ, ಸಾದಾ ಊಟ ಎಲ್ಲಾರೂ ನೆನಸ್ತಾರ. ಅವರು ಮೊದಲು ಇಂಜಿನಿಯರ್ ಆಗಿದ್ರು ಅನ್ನೂದನ್ನ ಯಾರೂ ನೆನಸೂದಿಲ್ಲ. ಈಗ ಧಾರವಾಡಕ್ಕ ಐಐಟಿ ಬಂದೈತಿ, ಐಐಐಟಿ ಬಂದೈತಿ, ಹುಬ್ಬಳ್ಳ್ಯಾಗ ಇನ್ಫೋಸಿಸ್ ಕ್ಯಾಂಪಸ್ಸೂ ಐತಿ. ಕ್ಲಾಸಿನ ತುಂಬಾ ಹುಡುಗ್ಯಾರು ಅದಾರ. ಅಷ್ಟು ಓದಿಸಿ ಕಡೀಕೆ ಸಂಜಿ ಆರೂವರಿಗೆ ಸೋಲಸೂದಾದ್ರ ಫೀ ಯಾಕ ತುಂಬಿದ್ವಿ?

ಇನ್ನ ರೊಟ್ಟಿ ಕೊಂಡು ತರೂದು. "ಮನ್ಯಾಗ ಇಬ್ಬರು ಹೆಣ್ಣಮಕ್ಕಳಿದ್ದು ರೊಟ್ಟಿ ಅಂಗಡಿಯಿಂದ ತರ್ತಾರ" ಅಂತ ಓಣ್ಯಾಗ ಮಾತು ಹುಟ್ತೈತಿ. ಹುಟ್ಲಿ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಓಣಿಗೊಂದು ರೊಟ್ಟಿ ಮಾಡಿ ಮಾರೂ ಮನಿ ಅದಾವ. ಮಾಡಾವ್ರು ನಮ್ಮಂಥ ಹೆಣ್ಣಮಕ್ಕಳ. ನಾವು ಪುಕ್ಕಟೆ ಬಡೀತೀವಿ, ಅವರು ಬಡದ ಮಕ್ಕಳ ಫೀ ಕಟ್ತಾರ. ನನಗ ಅದರಾಗ ನಾಚಿಕಿ ಕಾಣೂದಿಲ್ಲ, ಜಾಣತನ ಕಾಣ್ತೈತಿ. ನಮ್ಮ ಮನ್ಯಾಗ ಸೋಮವಾರದಿಂದ ಶುಕ್ರವಾರ ರಾತ್ರಿಗೆ ರೊಟ್ಟಿ ಹೊರಗಿಂದು. ಪಲ್ಯಾ, ಬ್ಯಾಳಿ, ಹಿಂಡಿ ಮನೀದು. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ರವಿವಾರ ಒಮ್ಮೆ ಕುಟ್ಟಿ ಇಟ್ರ ವಾರ ನಡೀತೈತಿ. ಮ್ಯಾಲೊಂದೀಟು ಮಸರು, ಎಣ್ಣಿ, ಹಸಿ ಉಳ್ಳಾಗಡ್ಡಿ ಇದ್ರ ಯಾರೂ ಉಪವಾಸ ಬೀಳೂದಿಲ್ಲ. ಖಡಕ್ ರೊಟ್ಟಿ ಅಂತೂ ನಮ್ಮ ಹಿರಿಯಾರು ಇದಕ್ಕ ಅಂತ ಮಾಡಿದ್ದು. ನೀರಿನ ಅಂಶ ಹೋಗೂ ಹಂಗ ಒಣಗಿಸಿ ಇಟ್ರ ತಿಂಗಳಗಟ್ಟಲೆ ಕೆಡೂದಿಲ್ಲ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬುತ್ತಿ ಕಟ್ಟಿ ಕಳಸೂ ಅವ್ವಂದ್ರಿಗೆ ಇದನ್ನ ನಾ ಹೇಳಬೇಕಾಗಿಲ್ಲ.

ಹಂಗಂತ ಮನಿ ಅಡಗಿ ಬಿಡ್ರಿ ಅಂತ ನಾ ಅಂದೆ ಅನಬ್ಯಾಡ್ರಿ. ನಂದು ಬ್ಯಾರೆ ಚಿಂತಿ. ನಮ್ಮ ಅಡಗಿ ಎಲ್ಲಾ ಕೈ ಅಳತಿ ಮ್ಯಾಲೆ ಐತಿ. "ಹಿಡಿಸಿದಷ್ಟು ಹಾಕು", "ಕೈಗೆ ತಿಳೀತೈತಿ". ಸೊಸಿ ಹೇಳೂ ಪ್ರಕಾರ ಅವರ ಕಡೆ ಗಿಟ್ ಅಂತ ಒಂದೈತಿ, 2005ರಾಗ ಲಿನಸ್ ಟೊರ್ವಾಲ್ಡ್ಸ್ ಅನ್ನಾವ ಮಾಡಿದ್ದು. ಯಾರು ಯಾವತ್ತು ಯಾವ ಸಾಲು ಬದಲಾ ಮಾಡಿದ್ರು ಅನ್ನೂದು ಅದರಾಗ ಉಳೀತೈತಿ. ಒಬ್ಬರು ನೌಕರಿ ಬಿಟ್ಟು ಹೋದ್ರೂ ಮುಂದಿನವರು ಓದಿ ನಡಸ್ಕೊಂಡು ಹೋಗ್ತಾರ. ನಮ್ಮ ಅತ್ತಿ ಎಣ್ಣಿಗಾಯಿಗೆ ಮಸಾಲಿ ಏನು ಹಾಕ್ತಿದ್ರು ಅನ್ನೂದು ಅವರ ಸಂಗ್ತೀನ ಹೋತು. ಮಗ ಅದ ರುಚಿ ನೆನಸ್ತಾನ, ನನಗ ಬರೂದಿಲ್ಲ, ಯಾಕಂದ್ರ ಅವರು ಯಾರಿಗೂ ಬರದ ಕೊಟ್ಟಿರಲಿಲ್ಲ.

ಅದಕ್ಕ ನಮ್ಮ ಮನ್ಯಾಗ ಒಂದು ವಹಿ ಇಟ್ಟೇವಿ. ನಾ ಮಾಡ್ತೇನಿ, ಸೊಸಿ ವಾಟಗಾ ಹಿಡದು ಅಳದು ಬರೀತಾಳ. ರೊಟ್ಟಿದು ಹಿಂಗ ಬರದಾಳ: ಒಂದು ವಾಟಗಾ ಜ್ವಾಳದ ಹಿಟ್ಟಿಗೆ ಮುಕ್ಕಾಲರಿಂದ ಒಂದು ವಾಟಗಾ ಕುದಿಯೂ ನೀರು. ಗೋಧಿ ಹಿಟ್ಟಿನ ಹಂಗ ಜ್ವಾಳಕ್ಕ ಅಂಟು ಇರೂದಿಲ್ಲ, ಗ್ಲುಟೆನ್ ಅಂತಾರಲ್ಲ, ಅದು. ಬಿಸಿನೀರು ಬಿದ್ರ ಹಿಟ್ಟಿನ ಪಿಷ್ಟ ಗಂಜಿ ಹಂಗ ಆಗಿ ಹಿಡಕೋತೈತಿ, ತಣ್ಣೀರಿಗೆ ಅಂಚು ಒಡೀತಾವ. ಹಿಟ್ಟು ಹಳೇದಾದ್ರೂ ಒಡೀತಾವ, ಅದಕ್ಕ ಗಿರಣಿಗೆ ಸ್ವಲ್ಪ ಸ್ವಲ್ಪ ಹಾಕಸಬೇಕು. ಹಂಚಿಗೆ ಹಾಕಿದ ಮ್ಯಾಲೆ ಹಿಟ್ಟು ಹತ್ತಿದ ಬಾಜು ಹಸಿ ಅರಿವಿಲೆ ನೀರು ಹಚ್ಚಬೇಕು, ನೀರು ಆರೂದರಾಗ ತಿರುವಿ ಹಾಕಬೇಕು. ಮೂವತ್ತು ವರ್ಷ ಮಾಡಿದ್ದು ಅರ್ಧಾ ಪಾನಿನ್ಯಾಗ ಬಂತು. ಅದನ್ನ ಓದಿ ಮಗ ಮಾಡಿದ. ಮೊದಲ ದಿನ ಶ್ರೀಲಂಕಾ ನಕಾಶೆ ಹಂಗ ಬಂತು, ತಿಂದ್ವಿ. ಈಗ ಶನಿವಾರ ರವಿವಾರ ರೊಟ್ಟಿ ಅವಂದ. ಮನಿಯವರು ರಿಟೈರ್ ಆದ ಮ್ಯಾಲೆ ಕಾಯಿಪಲ್ಯಾ ಸೋಸೂದು, ಕುಕ್ಕರ್ ಇಡೂದು ಕಲತಾರ. ಕುಕ್ಕರ್ ಎಷ್ಟು ಸೀಟಿ ಹೊಡೀತು ಅನ್ನೂದನ್ನ ಮೀಟಿಂಗಿನ ಹಂಗ ಜೋರಾಗಿ ಹೇಳ್ತಾರ, ಇರ್ಲಿ.

ಇದನ್ನ ನೋಡಿ ಮನಿಗೆ ಬಂದವರು "ಗಂಡಮಗನ ಕೈಲೆ ರೊಟ್ಟಿ ಬಡಸ್ತಾರ" ಅಂತ ಮೂಗು ಮುರದಾರ. ಖಾನಾವಳ್ಯಾಗ ಗಂಡಸರು ಬಡದ್ರ ತಿಂದು ಬರ್ತೀರಿ, ಲಗ್ನದಾಗ ಗಂಡಸರು ಕಡಾಯಿ ತಿರುವಿದ್ರ ಹೊಗಳಿ ಬರ್ತೀರಿ. ರೊಕ್ಕಾ ಬಂದ್ರ ಅದು ಕಸಬು, ಬರದಿದ್ರ ಹೆಣ್ಣಮಕ್ಕಳ ಧರ್ಮ ಅನ್ನೂದು ನನಗಂತೂ ಒಪ್ಪಿಗಿ ಇಲ್ಲ.

ಹಿಂಗಾಗಿ ಗಂಡಮಕ್ಕಳನ್ನ ಬೆಂಗಳೂರಿಗೋ ಪುಣೆಗೋ ಕಳಿಸೂ ಅಕ್ಕತಂಗ್ಯಾರಿಗೆ ನಂದೊಂದು ಮಾತು. ಹಿಂಡಿ ಡಬ್ಬಿ ಕಟ್ಟೂ ಮುಂದ ಅದನ್ನ ಹ್ಯಾಂಗ ಮಾಡೂದು ಅಂತ ಒಂದು ಚೀಟಿನೂ ಇಡ್ರಿ. ಕುಕ್ಕರ್ ಇಡಾಕ, ಹೆಸರುಕಾಳು ಉಸಳಿ ಒಗ್ಗರಣಿ ಹಾಕಾಕ, ಝುಣಕಾ ತಿರುವಾಕ ಕಲಿಸಿ ಕಳಸ್ರಿ. ಮುಂದ ಅವನ ಮನಿಗೆ ಬರೂ ಹುಡುಗಿ ನಿಮಗ ಜೀವ ಇರೂತನಕಾ ನೆನಸ್ತಾಳ. ಸೊಸಿಯಂದ್ರು ಇದ್ದ ಅತ್ತ್ಯಾರಿಗೆ ಇನ್ನೊಂದು ಮಾತು. ಆಕಿ ಖೋಲಿ ಬಾಗಲಾ ಮುಚ್ಚಿದ್ರ ಮಲಗ್ಯಾಳ ಅಂತ ತಿಳೀಬ್ಯಾಡ್ರಿ, ದುಡಿಯಾಕತ್ತಾಳ ಅಂತ ತಿಳ್ಕೋರಿ. ಮತ್ತ ಆ ರೊಟ್ಟಿ ನೀವ ಬಡೀಬೇಕು ಅಂತನೂ ಏಳಬ್ಯಾಡ್ರಿ. ಕುಂತಲ್ಲೇ ಒಂದು ಸಲ ಮಗನ್ನ ಕರೀರಿ. ಅವ ಬರ್ಲಿಲ್ಲಂದ್ರ ಅವರಪ್ಪನ್ನ ಕರೀರಿ. ಇಬ್ಬರೂ ಬರ್ಲಿಲ್ಲಂದ್ರ ಅವತ್ತ ಮಂಡಕ್ಕಿ ಗಿರ್ಮಿಟ್ ತರಿಸಿ ನೀವಿಬ್ಬರೂ ತಿನ್ರಿ. ಹಸಿವಾದವರು ತಾವ ಎದ್ದು ಬಂದು ಹಂಚು ಇಡ್ತಾರ.