ನಂದಿಯ ಶಿವಾಲಯ ಮತ್ತು ರಾಣಿ ರತ್ನಾವಳಿ



ಚಿಕ್ಕಬಳ್ಳಾಪುರದ ಸಮೀಪ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರನ ದರ್ಶನ ಪಡೆಯದವರು ನಮ್ಮಲ್ಲಿ ವಿರಳ. ಚೋಳರು, ಹೊಯ್ಸಳರು, ವಿಜಯನಗರದ ಅರಸರು ಆ ಗುಡಿಯನ್ನು ಬೆಳೆಸಿದರೆಂಬುದನ್ನು ಅನೇಕರು ಬಲ್ಲರು. ಆದರೆ ಅಲ್ಲಿ ಮೊದಲು ಶಿವಾಲಯ ಕಟ್ಟಿಸಿದವರು ಬಾಣ ಅರಸನ ರಾಣಿ ರತ್ನಾವಳಿ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಆಳ್ವಿಕೆಯ, ಸುಮಾರು 806ರ ಶಾಸನವು ಆಕೆಯ ಹೆಸರನ್ನು ಉಳಿಸಿದೆ. ಕಲ್ಯಾಣದ ಶರಣರಿಗಿಂತ ಸುಮಾರು ಮೂರೂವರೆ ಶತಮಾನಗಳಷ್ಟು ಹಿಂದಿನ ಮಾತಿದು.

ಬಸವಣ್ಣನವರು ಶರೀರವನ್ನೇ ಶಿವಾಲಯವಾಗಿ ಕಂಡವರು. ನೀಡಿದೆನೆಂಬ ಅಹಂಕಾರವನ್ನು ಖಂಡಿಸಿದವರು. ಹಾಗಿದ್ದ ಮೇಲೆ ಗುಡಿ ಕಟ್ಟಿಸಿದವರ ಹೆಸರನ್ನೇಕೆ ನೆನೆಯಬೇಕೆಂದು ಕೆಲವರು ಕೇಳಬಹುದು. ವಚನವು ಎಚ್ಚರಿಸುವುದು ನೀಡುವವರನ್ನು. ಪಡೆದವರಿಗೆ ಅದು ಮರೆವಿನ ಅಪ್ಪಣೆ ಕೊಟ್ಟಿಲ್ಲ. ನೀಡಿದವರು ಮರೆತರೆ ಭಕ್ತಿ, ಪಡೆದವರು ಮರೆತರೆ ಕೃತಘ್ನತೆ ಎಂಬುದು ನನ್ನ ಭಾವನೆ.

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳೂ ಸೇರಿವೆ. ಅಂಥ ಒಂದು ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾದರೆ, ಮನೆಯ ಅಡಿಪಾಯ ಸೇರಿದರೆ, ಇನ್ನೊಬ್ಬ ರತ್ನಾವಳಿಯ ಹೆಸರು ಅಳಿದಂತೆ. ಮನೆಮಠಗಳಲ್ಲಿ ತಾಡವೋಲೆಗಳನ್ನು ಜತನ ಮಾಡಿದವರು ಇದ್ದುದರಿಂದಲೇ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸುವುದು ಸಾಧ್ಯವಾಯಿತು. ವಚನವನ್ನು ಉಳಿಸಿದ ಕೈಗಳು ಶಾಸನವನ್ನೂ ಉಳಿಸಬಲ್ಲವು. ನಮ್ಮ ಭಕ್ತರು ತಮ್ಮ ಊರಿನ ಶಾಸನ, ವೀರಗಲ್ಲುಗಳನ್ನು ಅದೇ ಜತನದಿಂದ ಕಾಯಲೆಂಬುದು ನಮ್ಮ ಪ್ರಾರ್ಥನೆ.