ರೇಷ್ಮೆಯ ಕೂಲಿಗಾರರೂ ಸರ್ಕಾರದ ನೆರವೂ

ನಗರಗೆರೆಯಿಂದ ಶಿಡ್ಲಘಟ್ಟದವರೆಗಿನ ಸೀಮೆಯಲ್ಲಿ ಹಿಪ್ಪುನೇರಳೆಯ ಗಿಡವನ್ನೂ ರೇಷ್ಮೆಯ ಗೂಡನ್ನೂ ಅರಿಯದ ಮನೆ ವಿರಳ. ಗೂಡು ಮಾರುವ ರೈತನ ಕಷ್ಟವು ಸರ್ವವಿದಿತವಾದುದು. ಗೂಡನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚಿಸುವ ಯಜಮಾನನ ಸಂಕಟವೂ ಆಗಾಗ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಇವರಿಬ್ಬರ ನಡುವೆ, ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯನ್ನು ಹುಡುಕಿ ಹಿಡಿದೆತ್ತಿ, ಬೆರಳಿನ ಚರ್ಮ ಬೆಳ್ಳಗೆ ಸುಲಿದುಹೋಗುವವರೆಗೆ ದುಡಿಯುವ ಹೆಂಗಸೊಬ್ಬಳು ಇದ್ದಾಳೆ. ಬಿಚ್ಚಾಣಿಕೆಯ ಘಟಕವು ಬಾಗಿಲು ಹಾಕಿದ ದಿನ ಇವಳ ಗತಿಯೇನೆಂದು ಕೇಳಿದವರು ಎಷ್ಟು ಮಂದಿ?

ಪರದೇಶದ ರೇಷ್ಮೆಯಿಂದ ಈ ಕಸುಬಿಗೆ ಪೆಟ್ಟು ಬೀಳುವುದು ಹೊಸತೇನೂ ಅಲ್ಲ. ಜಪಾನು, ಚೀನಾ ದೇಶಗಳ ಅಗ್ಗದ ನೂಲಿನಿಂದ ಮೈಸೂರು ಸೀಮೆಯ ರೇಷ್ಮೆ ಕುಗ್ಗಿದಾಗ, 1933ರಲ್ಲಿ ಸುಂಕ ಮಂಡಳಿಯು ವಿಚಾರಣೆ ನಡೆಸಿತು. 1934ರಲ್ಲಿ ರಕ್ಷಣೆಯ ಸುಂಕವು ಶಾಸನವಾಯಿತು. ಈಚಿನ ಕಥೆಯೂ ಅದೇ ಜಾಡಿನದು. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರಲ್ಲಿ ಶೇ. 30ರಿಂದ 5ಕ್ಕೆ ಇಳಿಸಿದರು. 2013ರಲ್ಲಿ 15ಕ್ಕೆ ಏರಿಸಿದರು. ನಡುವೆ ಮತ್ತೆ ತಗ್ಗಿದ್ದುದನ್ನು 2021ರಲ್ಲಿ ಶೇ. 10ರಿಂದ 15ಕ್ಕೆ ತಂದರು. ಸುಂಕ ಏರಿದರೆ ಕಾಶಿ, ಕಂಚಿಗಳ ನೇಕಾರನಿಗೆ ನೂಲು ತುಟ್ಟಿ. ಇಳಿದರೆ ಶಿಡ್ಲಘಟ್ಟದ ಒಲೆಗಳು ತಣ್ಣಗೆ. ಈ ತೂಗುಯ್ಯಾಲೆಯಲ್ಲಿ ಯಾರ ಪಕ್ಷ ನ್ಯಾಯವಾದುದೆಂಬ ಚರ್ಚೆ ಇಲ್ಲಿ ಬೇಡ. ದೇಶದ ಹಿತವೆಂದು ಸರ್ಕಾರವು ಪರದೇಶದ ಸರಕಿಗೆ ಬಾಗಿಲು ತೆರೆಯುವುದಾದರೆ, ಅದರಿಂದ ಅನ್ನ ಕಳೆದುಕೊಂಡವರ ಭಾರವನ್ನೂ ಸರ್ಕಾರವೇ ಹೊರಬೇಕೆಂಬುದಷ್ಟೇ ಪ್ರಕೃತ ವಾದ.

ನೆರವು ಇಲ್ಲವೇ ಇಲ್ಲವೆಂದು ಹೇಳಿದರೆ ಅಸತ್ಯವಾದೀತು. ರೈತನಿಗೆ ಬೆಲೆ ಕುಸಿದಾಗ ಪ್ರೋತ್ಸಾಹ ಧನವುಂಟು. ಯಜಮಾನನಿಗೆ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ ಕೊಳ್ಳಲು ಸಹಾಯಧನವುಂಟು. ಈ ಯಂತ್ರಗಳು ಮೊದಲಿಗೆ ಬಂದದ್ದೂ ಚೀನಾದಿಂದಲೇ! ಅವು ಒಳ್ಳೆಯ ನೂಲು ತೆಗೆಯುತ್ತವೆ, ದಿಟ. ಆದರೆ ಹತ್ತು ಕೈಗಳ ಕೆಲಸವನ್ನು ಕೆಲವೇ ಕೈಗಳಿಂದ ಮುಗಿಸುತ್ತವೆ. ಹೀಗೆ ಆ ಹೆಂಗಸು ಮೊದಲು ಚೀನಾದ ನೂಲಿನಿಂದ, ಬಳಿಕ ಸರ್ಕಾರದ ಹಣದಿಂದಲೇ ಬಂದ ಯಂತ್ರದಿಂದ, ಎರಡು ಬಾರಿ ಕೆಲಸ ಕಳೆದುಕೊಳ್ಳುತ್ತಾಳೆ. ಎರಡು ಬಾರಿಯೂ ಅವಳ ಕೈ ಬರಿದೇ.

ಕಾನೂನಿನಲ್ಲಿ ಅವಳಿಗೇನೂ ಇಲ್ಲವೆ? ಹೊರನೋಟಕ್ಕೆ ಬೇಕಾದಷ್ಟಿದೆ. 1986ರ ಜವಳಿ ಕಾರ್ಮಿಕರ ಪುನರ್ವಸತಿ ನಿಧಿಯು ಮುಚ್ಚಿದ ಗಿರಣಿಯ ಕೆಲಸಗಾರನಿಗೆ ಮೊದಲ ವರ್ಷ ಸಂಬಳದ ಶೇ. 75, ಎರಡನೆಯ ವರ್ಷ 50, ಮೂರನೆಯ ವರ್ಷ 25ರಷ್ಟು ಕೊಡುವ ಏರ್ಪಾಡಾಗಿತ್ತು. 2017ರಲ್ಲಿ ಅದೂ ಬೇರೊಂದು ಯೋಜನೆಯಲ್ಲಿ ಲೀನವಾಯಿತು. ಕಾರ್ಮಿಕರ ರಾಜ್ಯ ವಿಮೆಯ ಕೆಳಗೆ 2018ರಲ್ಲಿ ಮೊದಲಾದ ನಿರುದ್ಯೋಗ ಪರಿಹಾರವನ್ನು 2020ರಲ್ಲಿ ಸಂಬಳದ ಅರ್ಧದಷ್ಟಕ್ಕೆ, 90 ದಿನಗಳವರೆಗೆ, ಹೆಚ್ಚಿಸಿದರು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಕೆಲಸದಿಂದ ತೆಗೆದ ಪ್ರತಿಯೊಬ್ಬನಿಗೂ 15 ದಿನಗಳ ವೇತನದಷ್ಟು ಮರುತರಬೇತಿಯ ಹಣವನ್ನು ಯಜಮಾನನು ತೆರಬೇಕೆಂದಿದೆ. ಇವೆಲ್ಲವೂ ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ. ವಿಮೆಯು ಹತ್ತು ಮಂದಿಗಿಂತ ಕಡಮೆ ದುಡಿಯುವ ಘಟಕಕ್ಕೆ ಸಾಮಾನ್ಯವಾಗಿ ಮುಟ್ಟದು. ಸಾಲದುದಕ್ಕೆ, ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆ ಎನ್ನಿಸಿಕೊಳ್ಳಲು 1948ರ ಶಾಸನವು ಕೇಳುತ್ತಿದ್ದ ಹತ್ತು ಮಂದಿಯನ್ನು 2020ರ ಸಂಹಿತೆಯು ಇಪ್ಪತ್ತಕ್ಕೆ ಏರಿಸಿದೆ. ಹಜಾರದಲ್ಲಿ ನಾಲ್ಕಾರು ಚರಕಗಳನ್ನಿಟ್ಟ ಮನೆಯಲ್ಲಿ ದುಡಿಯುವವಳಿಗೆ ಈ ಶಾಸನಗಳು ಆಡಿನ ಕೊರಳ ಮೊಲೆಗಳಂತೆ: ಕಾಣುತ್ತವೆ, ಹಾಲಿಲ್ಲ.

"ಇ-ಶ್ರಮ್ ಚೀಟಿ ಇದೆಯಲ್ಲ" ಎನ್ನುವವರುಂಟು. 2021ರಲ್ಲಿ ಬಂದ ಆ ಚೀಟಿಯು ಅವಳ ಹೆಸರನ್ನೂ ಕಸುಬನ್ನೂ ಹೇಳೀತು. ಕೆಲಸ ಹೋದ ದಿನ ಅದರಿಂದ ಅರ್ಧ ಕೂಲಿ ಹುಟ್ಟದು. "ಬೇರೆ ಕೂಲಿ ಸಿಕ್ಕೀತು" ಎನ್ನುವವರೂ ಉಂಟು. ಗ್ರಾಮೀಣ ಉದ್ಯೋಗದ ಯೋಜನೆಗಳು ಪಟ್ಟಣದಲ್ಲಿ ನೆಲಸಿದವರಿಗೆ ಸಲ್ಲವು. ಇಪ್ಪತ್ತು ವರ್ಷ ಎಳೆ ಹಿಡಿದ ಬೆರಳು ಬೇರೆ ಕಸುಬನ್ನು ಒಂದು ದಿನದಲ್ಲಿ ಕಲಿಯುವುದೂ ಇಲ್ಲ.

ಅಮೆರಿಕದಲ್ಲಿ 1962ರ ಶಾಸನವೊಂದು ಪರದೇಶದ ಸರಕಿನಿಂದ ಕೆಲಸ ಕಳೆದುಕೊಂಡವರಿಗೆ ಭತ್ಯವನ್ನೂ ತರಬೇತಿಯನ್ನೂ ವಿಧಿಸಿತು. 1974ರಲ್ಲಿ ಅದು ವಿಸ್ತಾರವಾಯಿತು. ಮೂವರು ಕೆಲಸಗಾರರು ಕೂಡಿದರೆ ತಾವೇ ಅರ್ಜಿ ಕೊಡಬಹುದಾಗಿತ್ತು. ಅವಧಿಯನ್ನು ಮುಂದುವರಿಸದೆ ಬಿಟ್ಟುದರಿಂದ 2022ರ ಜುಲೈ 1ರಿಂದ ಹೊಸ ಅರ್ಜಿಗಳ ವಿಚಾರಣೆ ನಿಂತಿತು. ಧನಿಕ ದೇಶವೂ ಮರೆಯಬಲ್ಲ ಧರ್ಮವಿದು. ಆದರೆ ಧರ್ಮವೆಂದು ಅದು ಒಮ್ಮೆ ಒಪ್ಪಿಕೊಂಡಿತ್ತು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಚೀನಾದ ಪಟ್ಟೆಯನ್ನೂ ಬಲ್ಲದು, ನೂಲುವ ವಿಧವೆಯರನ್ನೂ ಅಂಗವಿಕಲೆಯರನ್ನೂ ಬಲ್ಲದು. ಅವರಿಗೆ ಕೂಲಿ ಕೊಡುವ ಕಾಲ ಮೀರಿದರೆ ದಂಡವನ್ನು ವಿಧಿಸುತ್ತದೆ. ಆ ರಾಜ್ಯದ ಸೂತ್ರಾಧ್ಯಕ್ಷನಿಗೆ ನೂಲುವವರು ಯಾರೆಂಬುದಾದರೂ ತಿಳಿದಿತ್ತು.

ಈಗ ಮಾಡಬೇಕಾದುದು ಕಷ್ಟವಾದುದಲ್ಲ. ಸರ್ಕಾರಿ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ಪ್ರತಿಯೊಬ್ಬ ಬಿಚ್ಚಾಣಿಕೆದಾರನಿಗೂ ರೇಷ್ಮೆ ಇಲಾಖೆಯ ಪರವಾನಗಿ ಬೇಕು. ಆ ಪರವಾನಗಿಯನ್ನು ಕೊಡುವಾಗಲೂ ನವೀಕರಿಸುವಾಗಲೂ ಅಲ್ಲಿ ದುಡಿಯುವವರ ಹೆಸರುಗಳನ್ನು ಬರೆಯಿಸಲಿ. ಯಂತ್ರಕ್ಕೆ ಸಹಾಯಧನ ಕೊಡುವ ಮೊದಲು, ಅದರಿಂದ ಕೆಲಸ ಬಿಡುವವರ ಪಟ್ಟಿಯನ್ನು ಕೇಳಲಿ. ಪರದೇಶದ ರೇಷ್ಮೆಯ ಮೇಲೆ ಬೊಕ್ಕಸಕ್ಕೆ ಬರುವ ಸುಂಕದಲ್ಲಿ ಒಂದು ಪಾಲನ್ನೆತ್ತಿ, ಪಟ್ಟಿಯಲ್ಲಿರುವವಳಿಗೆ ಒಂದು ವರ್ಷದ ಅರ್ಧ ಕೂಲಿಯನ್ನು ಕೊಡಲಿ.

ರೇಷ್ಮೆಯ ಹುಳು ತಾನು ನೇಯ್ದ ಗೂಡಿನಲ್ಲಿ ತಾನೇ ಬೇಯುವುದನ್ನು ವೇದಾಂತಿಗಳು ಸಂಸಾರಕ್ಕೆ ಹೋಲಿಸುತ್ತಾರೆ. ಹುಳುವಿನ ಬಂಧನ ಅದರದೇ ಕರ್ಮವಿದ್ದೀತು. ಈ ಹೆಂಗಸಿನ ಬಂಧನವು ಸರ್ಕಾರದ ಪುಸ್ತಕದಲ್ಲಿ ಬರೆಯದೆ ಬಿಟ್ಟ ಒಂದು ಸಾಲಿನಿಂದ ಆದದ್ದು. ಆ ಸಾಲನ್ನು ಬರೆಯುವುದಕ್ಕೆ ಯಾವ ಹೊಸ ಶಾಸನವನ್ನು ಕಾಯಬೇಕು?